ಹೊಟ್ಟೆಕಿಚ್ಚಿನವಳು ಬರೆದ ಚೀಟಿ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇವತ್ತು ನಿನ್ನೆಯದಲ್ಲ, ಇಪ್ಪತ್ತೆಂಟು ವರ್ಷದ್ದು. ಅದನ್ನು ಮುಚ್ಚಿಟ್ಟುಕೊಂಡು ಈ ಕಥೆ ಹೇಳೋಕೆ ಆಗುವುದಿಲ್ಲ. ಯಾಕೆಂದರೆ ಇದನ್ನು ಶುರುವಿನಿಂದ ಕೊನೆಯವರೆಗೆ ನಡೆಸಿದ್ದೇ ನನ್ನ ಹೊಟ್ಟೆಕಿಚ್ಚು.

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಕೆಳಗೆ ಅಂಗಡಿ, ಮೇಲೆ ನಮ್ಮ ಎರಡು ಸಂಸಾರ. ನಮ್ಮ ಯಜಮಾನರು ಹಿಂದಿನ ಕೋಣೆಯಲ್ಲಿ ಮೆಷಿನ್ನು ನೋಡಿಕೊಳ್ಳುತ್ತಾರೆ, ಭಾವ ವ್ಯಾನಿನಲ್ಲಿ ಬಟ್ಟೆ ತರುತ್ತಾರೆ, ಕೊಟ್ಟು ಬರುತ್ತಾರೆ. ಮುಂದಿನ ಕೋಣೆಯಲ್ಲಿ ಎರಡು ಇಸ್ತ್ರಿ ಮೇಜು. ಕಿಟಕಿ ಪಕ್ಕದ್ದು ಅಕ್ಕನದು, ಗೋಡೆ ಪಕ್ಕದ್ದು ನನ್ನದು. ಅಲ್ಲಿಂದಲೇ ಶುರು ನೋಡಿ. ಗಾಳಿ ಅವಳಿಗೆ, ಸೆಕೆ ನನಗೆ.

ಅಕ್ಕ ಎಂದರೆ ನನ್ನ ಓರಗಿತ್ತಿ, ಭಾವನ ಹೆಂಡತಿ. ಅವಳ ಕೂದಲು ಇನ್ನೂ ಕಪ್ಪು. ನನ್ನದು ನಲವತ್ತಕ್ಕೇ ಬಿಳಿ. ಅವಳು ಗಂಟಲೆತ್ತದೆ ಮಾತಾಡಿದರೂ ಗಿರಾಕಿಗಳು ಕಿವಿಗೊಟ್ಟು ಕೇಳುತ್ತಾರೆ. ನಾನು ಬಾಯಿ ತೆರೆದರೆ "ದೊಡ್ಡಮ್ಮ ಇಲ್ವಾ?" ಎಂದು ನನ್ನ ಭುಜದ ಹಿಂದೆ ಇಣುಕುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಕಲೆ ತೆಗೆಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಶರ್ಟಿನ ಮೇಲಿನ ಚುಕ್ಕೆ ನೋಡಿ, ಇದು ಚಹಾ, ಇದು ತುಕ್ಕು, ಇದು ಮಸಿ, ಆಗಿ ಮೂರು ದಿನವಾಯಿತು ಎಂದು ಹೇಳಿಬಿಡುತ್ತಾಳೆ.

ಅತ್ತೆ ಬದುಕಿದ್ದಾಗ ಅಂಗಡಿಗೆ ಒಂದು ನಿಯಮ ಮಾಡಿದ್ದರು. ಕಲೆಯಾದ ಬಟ್ಟೆ ಬಂದರೆ ಅದಕ್ಕೊಂದು ಚೀಟಿ ಚುಚ್ಚಬೇಕು. ಏನು ಕಲೆ, ಯಾವಾಗ ಆಯಿತು, ಅಷ್ಟೇ. "ಏನು ಅಂತ ಗೊತ್ತಿಲ್ಲದ ಕಲೆಗೆ ನೀರು ಮುಟ್ಟಿಸಬೇಡಿ. ರಕ್ತಕ್ಕೆ ಬಿಸಿನೀರು ಹಾಕಿದ್ರೆ ಜನ್ಮದಲ್ಲಿ ಹೋಗಲ್ಲ" ಎನ್ನುತ್ತಿದ್ದರು. ಚೀಟಿಯಿಲ್ಲದ ಬಟ್ಟೆಯನ್ನು ಅಕ್ಕ ಇಂದಿಗೂ ಮುಟ್ಟುವುದಿಲ್ಲ, ಎಂಥ ದೊಡ್ಡ ಮನುಷ್ಯ ತಂದುಕೊಟ್ಟರೂ ಸರಿ. ಆ ಅತ್ತೆಯೇ ನನಗೆ 'ಕೆಂಡ' ಎಂದು ಅಡ್ಡಹೆಸರಿಟ್ಟವರು. ಅಕ್ಕನಿಗೆ ಯಾವ ಅಡ್ಡಹೆಸರೂ ಇಡಲಿಲ್ಲ. ಅದಕ್ಕೂ ನನಗೆ ಉರಿಯೇ.

ಅಕ್ಕನಿಗೆ ಐವತ್ತಾರು, ನನಗೆ ಐವತ್ತೆರಡು. ಅವಳ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು, ನನ್ನದು ನಿಂತು ಎರಡು ವರ್ಷ. ಇದೊಂದರಲ್ಲಾದರೂ ಇಬ್ಬರೂ ಸಮ ಎಂದು ನಾನು ಸಮಾಧಾನ ಮಾಡಿಕೊಂಡಿದ್ದೆ.

ಒಂದು ಬೆಳಿಗ್ಗೆ ತಾರಸಿಯ ಮೇಲೆ ಹೋಟೆಲಿನ ಹಾಸುಬಟ್ಟೆಗಳನ್ನು ಒಣಗಿಹಾಕುತ್ತಿದ್ದೆವು. ನಾನೊಂದು ತುದಿ, ಅವಳೊಂದು ತುದಿ ಹಿಡಿದು ಕೊಡವುತ್ತಿದ್ದಾಗ ಅಕ್ಕ ಸುಮ್ಮಸುಮ್ಮನೆ ನಕ್ಕಳು.

"ಏನಕ್ಕಾ, ಒಬ್ಬಳೇ ನಗ್ತೀಯ?"

"ನಂಗೆ ಮತ್ತೆ ಶುರುವಾಗಿದೆ ಕಣೇ."

"ಏನು?"

"ಅದೇ, ತಿಂಗಳದ್ದು. ಹೋದ ತಿಂಗಳು ಸ್ವಲ್ಪ ಕಾಣಿಸ್ತು. ಈ ತಿಂಗಳು ಇನ್ನೂ ಜಾಸ್ತಿ. ನಾಲ್ಕು ವರ್ಷ ಆದ್ಮೇಲೆ! ನೋವಿಲ್ಲ, ಏನಿಲ್ಲ. ನಮ್ಮವರು ತಂದುಕೊಟ್ಟ ಶಕ್ತಿ ಟಾನಿಕ್ಕಿಂದಾನೇ ಇರಬೇಕು. ದೇಹಕ್ಕೆ ಇನ್ನೂ ವಯಸ್ಸಾಗಿಲ್ಲ ಅಂತ ಅರ್ಥ, ಅಲ್ವಾ?"

ನಾನು ಹಾಸುಬಟ್ಟೆಯ ತುದಿ ಬಿಟ್ಟುಬಿಟ್ಟೆ. ಒಗೆದ ಬಟ್ಟೆ ನೆಲಕ್ಕೆ ಬಿತ್ತು.

ನಿಮಗೆ ಅರ್ಥವಾಗುತ್ತದೆಯೋ ಇಲ್ಲವೋ, ಆ ಹೊತ್ತಿಗೆ ನನಗೆ ಅನ್ನಿಸಿದ್ದು ಒಂದೇ. ಇವಳಿಗೆ ಕಪ್ಪು ಕೂದಲು ಸಾಲದೆ, ಕಿಟಕಿ ಸಾಲದೆ, ಈಗ ಹೋದ ಯೌವನವೂ ವಾಪಸ್ ಬಂತಲ್ಲ! ಆ ದಿನ ನನ್ನ ಇಸ್ತ್ರಿಪೆಟ್ಟಿಗೆಗೆ ಕರೆಂಟೇ ಬೇಕಿರಲಿಲ್ಲ. ನನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದರೆ ಸಾಕಿತ್ತು.

ಆಮೇಲಿನ ದಿನಗಳಂತೂ ಕೇಳಬೇಡಿ. ಅಕ್ಕ ತಿಳಿಗುಲಾಬಿ ಬಣ್ಣದ ಹೊಸ ಬಟ್ಟೆ ಹಾಕಿಕೊಂಡು ಅಂಗಡಿಗೆ ಇಳಿದಳು. ಭಾವ ಗುನುಗುತ್ತಾ ವ್ಯಾನು ತೊಳೆದರು. ಇಪ್ಪತ್ತೆಂಟು ವರ್ಷದಲ್ಲಿ ಆ ಮನುಷ್ಯನ ಗಂಟಲಿನಿಂದ ಒಂದು ಹಾಡು ಬಂದದ್ದನ್ನು ನಾನು ಕೇಳಿರಲಿಲ್ಲ. ನಮ್ಮವರನ್ನು ನೋಡಿದೆ. ಬನಿಯನ್ನು ಹಾಕಿಕೊಂಡು ಮೆಷಿನ್ನಿನ ಮುಂದೆ ತೂಕಡಿಸುತ್ತಿದ್ದರು.

ನಾನೂ ಗುಟ್ಟಾಗಿ ಅದೇ ಟಾನಿಕ್ಕು ತಂದುಕೊಂಡೆ. ಬಟ್ಟೆಯ ಬೀರುವಿನ ಹಿಂದೆ ಅಡಗಿಸಿಟ್ಟು ದಿನಕ್ಕೆ ಎರಡು ಚಮಚದ ಬದಲು ನಾಲ್ಕು ಚಮಚ ಕುಡಿದೆ. ಯೌವನ ಬರಲಿಲ್ಲ, ಎದೆಯುರಿ ಬಂತು. ಮೊದಲೇ ಉರಿಯುವವಳಿಗೆ ಇನ್ನೊಂದು ಉರಿ.

ಅಷ್ಟರಲ್ಲಿ ನನ್ನ ಬಿಪಿ ಮಾತ್ರೆ ಮುಗಿಯಿತು. ಆರೋಗ್ಯ ಕೇಂದ್ರಕ್ಕೆ ಹೋದೆ. ಅಲ್ಲಿಯ ನರ್ಸಮ್ಮ ನನಗೆ ಹತ್ತು ವರ್ಷದ ಪರಿಚಯ. ಮಾತ್ರೆ ಕೊಟ್ಟು ಹೆಸರು ಬರೆದುಕೊಳ್ಳುತ್ತಿದ್ದರು. ನಾನು ಹೋಗದೆ ಅಲ್ಲೇ ಸುಳಿದಾಡಿದೆ.

"ಏನಮ್ಮ, ಇನ್ನೇನಾದ್ರೂ ಬೇಕಿತ್ತಾ?"

"ಏನಿಲ್ಲ ನರ್ಸಮ್ಮ... ಈ ನಿಂತುಹೋದ ಮುಟ್ಟು ಮತ್ತೆ ಬರೋ ಹಾಗೆ ಮಾಡೋ ಮಾತ್ರೆ ಏನಾದ್ರೂ ಇದ್ಯಾ?"

ನರ್ಸಮ್ಮ ನಕ್ಕುಬಿಟ್ಟರು. "ಎಲ್ರೂ ಯಾವಾಗ ಹೋಗುತ್ತೋ ಅಂತ ಕಾಯ್ತಾರೆ. ನೀವೊಬ್ರೇ ವಾಪಸ್ ಕರೀತಿರೋದು!"

"ಬೇರೆಯವರಿಗೆ ಬರುತ್ತಲ್ಲ? ನಮ್ಮ ಮನೇಲೇ ಒಬ್ರಿಗೆ ನಾಲ್ಕು ವರ್ಷ ಆದ್ಮೇಲೆ ಬಂದಿದೆ. ಎರಡು ತಿಂಗಳಿಂದ. ಶಕ್ತಿ ಟಾನಿಕ್ಕು ಕುಡಿದಿದ್ದಕ್ಕೇ ಅಂತೆ."

ಅವರ ಪೆನ್ನು ನಿಂತಿತು. ನಗುವೂ ನಿಂತಿತು.

"ಯಾರಿಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನನಗಲ್ಲ, ನನಗಲ್ಲ, ನಮ್ಮಕ್ಕನಿಗೆ" ಎಂದೆ.

"ಕೂತ್ಕೊಳ್ಳಿ" ಎಂದರು. ಬಾಗಿಲು ಮುಂದೆ ಮಾಡಿ ಬಂದು ಎದುರಿಗೆ ಕೂತರು. "ನೋಡಿ ಅಮ್ಮ, ಅದು ಮುಟ್ಟು ವಾಪಸ್ ಬಂದಿರೋದಲ್ಲ. ಒಂದು ವರ್ಷ ಪೂರ್ತಿ ಮುಟ್ಟು ನಿಂತ್ಮೇಲೆ ರಕ್ತ ಕಾಣಿಸಿದ್ರೆ, ಅದನ್ನ ಮುಟ್ಟು ಅಂತ ಲೆಕ್ಕಕ್ಕೆ ತಗೋಬಾರದು. ಒಂದೇ ಚುಕ್ಕೆ ಆಗ್ಲಿ, ಒಂದೇ ಸಲ ಆಗ್ಲಿ, ನಸುಗೆಂಪು ನೀರಿನ ಹಾಗೆ ಆಗ್ಲಿ, ಡಾಕ್ಟರಿಗೆ ತೋರಿಸಲೇಬೇಕು."

"ಅವಳಿಗೆ ನೋವೇ ಇಲ್ವಲ್ಲ. ಗುಂಡುಕಲ್ಲಿನ ಹಾಗಿದ್ದಾಳೆ."

"ನೋವು ಬರೋವರೆಗೂ ಕಾಯೋದೇ ತಪ್ಪು. ಹೆದರ್ಬೇಡಿ, ಹತ್ತು ಜನಕ್ಕೆ ಹೀಗಾದ್ರೆ ಸುಮಾರು ಒಂಬತ್ತು ಜನಕ್ಕೆ ಕಾರಣ ಸಣ್ಣದೇ ಇರುತ್ತೆ. ಒಳಗಿನ ಪದರ ತೆಳ್ಳಗಾಗಿರುತ್ತೆ, ಇಲ್ಲ ಸಣ್ಣ ಗಂಟು ಇರುತ್ತೆ. ಹತ್ತನೆಯವರಿಗೆ ಗರ್ಭಕೋಶದ ಕ್ಯಾನ್ಸರ್ ಇರಬಹುದು. ಆ ಹತ್ತನೆಯವರು ಯಾರು ಅಂತ ಹೊರಗಿಂದ ನೋಡಿ ನಾನೂ ಹೇಳೋಕಾಗಲ್ಲ, ನೀವೂ ಹೇಳೋಕಾಗಲ್ಲ. ಬೇಗ ಗೊತ್ತಾದ್ರೆ ಬಹಳಷ್ಟು ಜನ ಪೂರ್ತಿ ವಾಸಿ ಆಗ್ತಾರೆ. ಅದಕ್ಕೇ ಈ ವಾರದಲ್ಲೇ ಕರ್ಕೊಂಡು ಬನ್ನಿ. ಆ ಟಾನಿಕ್ಕಿನ ಬಾಟ್ಲೀನೂ ತನ್ನಿ, ಅದರಲ್ಲಿ ಏನಿದೆ ಅಂತ ನೋಡೋಣ."

ಹೊರಗೆ ಬಂದೆ. ಈಗ ಹೇಳುವ ಮಾತನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮೂಲೆಯ ಅಂಗಡಿಯವರೆಗೆ ನನ್ನ ಹೊಟ್ಟೆ ತಣ್ಣಗಿತ್ತು. 'ಹಾಗಾದರೆ ಅದು ಯೌವನ ಅಲ್ಲ' ಎಂದು ಒಳಗೊಳಗೇ ಖುಷಿಪಟ್ಟೆ. ಮೂಲೆ ತಿರುಗಿದ ಮೇಲೆ ನಮ್ಮ ಅಂಗಡಿಯ ಕಿಟಕಿ ಕಂಡಿತು. ಕಿಟಕಿಯಲ್ಲಿ ಅಕ್ಕ, ತಿಳಿಗುಲಾಬಿ ಬಟ್ಟೆಯಲ್ಲಿ, ತಲೆ ಬಗ್ಗಿಸಿ ಯಾರದೋ ಕಾಲರಿಗೆ ಇಸ್ತ್ರಿ ತಿಕ್ಕುತ್ತಿದ್ದಳು. ಆ ಕಿಟಕಿ ಖಾಲಿಯಾದರೆ ಎಂದು ಒಂದು ಕ್ಷಣ ಯೋಚನೆ ಬಂತು. ಇಪ್ಪತ್ತೆಂಟು ವರ್ಷ ಆ ಜಾಗಕ್ಕೆ ಆಸೆಪಟ್ಟವಳು ನಾನು. ಹೀಗೆ ಸಿಗುವುದಾದರೆ ನನಗೆ ಬೇಡವೇ ಬೇಡ ಅನ್ನಿಸಿತು.

ಆದರೆ ನಾಲಗೆಯ ಚಾಳಿ ಎಲ್ಲಿ ಹೋಗುತ್ತದೆ? ಒಳಗೆ ಹೋದವಳೇ ಏದುಸಿರು ಬಿಡುತ್ತಾ, "ಅಕ್ಕಾ, ನಿನಗೆ ಬಂದಿರೋದು ಯೌವನಾನೂ ಅಲ್ಲ, ಗಿವ್ವನಾನೂ ಅಲ್ಲ. ನರ್ಸಮ್ಮನ್ನ ಕೇಳಿದೀನಿ. ರೋಗ ಇದ್ರೂ ಇರಬಹುದಂತೆ!" ಎಂದುಬಿಟ್ಟೆ. ಭಾವ ಅಲ್ಲೇ ಬಟ್ಟೆಗಂಟು ಕಟ್ಟುತ್ತಿದ್ದರು.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಮುಖ ಕಪ್ಪಿಟ್ಟಿತ್ತು.

"ನನ್ನ ಗುಟ್ಟನ್ನ ಊರಿಗೆಲ್ಲ ಸಾರಿ ಬಂದ್ಯಾ?"

"ಊರಿಗಲ್ಲ ಅಕ್ಕ, ನರ್ಸಮ್ಮ ಒಬ್ಬರಿಗೇ..."

"ನಂಗೆ ಗೊತ್ತು ಕಣೇ ಕೆಂಡ. ನನ್ನ ಮಗಳಿಗೆ ಒಳ್ಳೆ ಕಡೆ ಮದುವೆ ಆದಾಗ, ಹುಡುಗನ ಹಲ್ಲು ಸರಿಯಿಲ್ಲ ಅಂದೆ. ನಾನು ಕಣ್ಣಿಗೆ ಹೊಸ ಕನ್ನಡಕ ಹಾಕ್ಕೊಂಡ್ರೆ, ಗೂಬೆ ಹಾಗೆ ಕಾಣ್ತೀಯ ಅಂದೆ. ನಾಲ್ಕು ದಿನ ನಾನು ನಕ್ಕಿದ್ದು ನಿನ್ನ ಕಣ್ಣಿಗೆ ಚುಚ್ಚಿತು. ಅದಕ್ಕೇ ಈಗ ರೋಗ ತಂದು ಅಂಟಿಸ್ತಿದ್ದೀಯ."

ಭಾವ ಮುಖ ಎತ್ತದೆ ಹೇಳಿದರು, "ಬಿಡಮ್ಮ. ಅವಳನ್ನ ಅವಳ ಪಾಡಿಗೆ ಇರೋಕೆ ಬಿಡು."

ನಾನು ಆಣೆ ಮಾಡಿದೆ, ಕಣ್ಣೀರು ಹಾಕಿದೆ. ಅವರಿಬ್ಬರೂ ನಂಬಲಿಲ್ಲ. ನಮ್ಮವರ ಹತ್ತಿರ ಹೋಗಿ, "ರೀ, ನೀವಾದ್ರೂ ಹೇಳ್ರೀ" ಎಂದರೆ, ಅವರೂ "ನಿಜವಾಗ್ಲೂ ನರ್ಸಮ್ಮ ಹೇಳಿದ್ರಾ, ಇಲ್ಲ..." ಎಂದು ನನ್ನ ಮುಖ ನೋಡಿದರು. ಕಟ್ಟಿಕೊಂಡ ಗಂಡನಿಗೇ ಅನುಮಾನ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ನಾನು ಇಷ್ಟು ವರ್ಷ ಕನ್ನಡಕ, ಕೂದಲು, ಕಿಟಕಿ ಎಂದು ಚಿಲ್ಲರೆ ಹೊಟ್ಟೆಕಿಚ್ಚು ಕಾರಿ ನನ್ನ ಮಾತಿನ ಬೆಲೆಯನ್ನೆಲ್ಲ ಕಳೆದುಕೊಂಡಿದ್ದೆ. ನಿಜವಾಗಿ ಬೇಕಾದ ದಿನ ನನ್ನ ಮಾತಿಗೆ ಕವಡೆ ಕಿಮ್ಮತ್ತಿರಲಿಲ್ಲ.

ಹನ್ನೆರಡು ದಿನ ಅಕ್ಕ ನನ್ನ ಜೊತೆ ಮಾತಾಡಲಿಲ್ಲ. ನರ್ಸಮ್ಮ 'ಈ ವಾರದಲ್ಲೇ' ಎಂದಿದ್ದರು. ನಾನು ದಿನಕ್ಕೊಂದು ಬೆರಳು ಮಡಚಿ ಎಣಿಸುತ್ತಿದ್ದೆ. ಹದಿಮೂರನೆಯ ದಿನ ಬಚ್ಚಲಿನ ಮೂಲೆಯಲ್ಲಿ ಮುಚ್ಚಳ ಹಾಕಿದ ಬಕೆಟ್ಟು ಕಂಡಿತು. ಮುಚ್ಚಳ ತೆಗೆದು ನೋಡಿದೆ. ತಣ್ಣೀರಿನಲ್ಲಿ ಅವಳ ಒಳಲಂಗ. ನೀರು ಕಡುಕೆಂಪಗಿತ್ತು.

ಮಾತಿಗೆ ಬೆಲೆಯಿಲ್ಲದವಳು ಬರೆಯಬಹುದಲ್ಲ. ಅಂಗಡಿಗೆ ಇಳಿದು ಕಲೆಯ ಚೀಟಿಯ ಕಟ್ಟಿನಿಂದ ಒಂದು ಹರಿದುಕೊಂಡೆ. ಒಳಲಂಗವನ್ನು ಹಿಂಡಿ, ಮಡಚಿ, ಚೀಟಿ ಚುಚ್ಚಿ, ಯಾರೂ ಇಲ್ಲದ ಹೊತ್ತು ನೋಡಿ ಅವಳ ಮೇಜಿನ ಮೇಲಿಟ್ಟೆ. ಚೀಟಿಯಲ್ಲಿ ಹೀಗೆ ಬರೆದಿದ್ದೆ:

ಏನು ಕಲೆ? ಗೊತ್ತಿಲ್ಲ.
ಯಾವಾಗಿನಿಂದ? ಮೂರು ತಿಂಗಳಿಂದ.

ಅಕ್ಕ ಬಂದಳು. ನಾನು ಗೋಡೆಯ ಕಡೆ ತಿರುಗಿ, ಇಸ್ತ್ರಿಯಾದ ಶರ್ಟಿಗೇ ಮತ್ತೆ ಇಸ್ತ್ರಿ ಮಾಡುತ್ತಾ ನಿಂತಿದ್ದೆ. ಬೆನ್ನ ಹಿಂದೆ ಕುರ್ಚಿ ಎಳೆದ ಸದ್ದು ಕೇಳಿಸಿತು. ಅಕ್ಕ ಹಗಲು ಹೊತ್ತಿನಲ್ಲಿ ಅಂಗಡಿಯಲ್ಲಿ ಕೂತವಳೇ ಅಲ್ಲ.

"ಇಲ್ಲಿ ಬಾ" ಎಂದಳು. "ನಿಜ ಹೇಳು. ಹೊಟ್ಟೆಕಿಚ್ಚಿಂದ ಬರೆದ್ಯಾ ಇದನ್ನ?"

ಇನ್ನೇನು ಮುಚ್ಚುವುದು? "ಹೊಟ್ಟೆಕಿಚ್ಚಿಂದಾನೇ ನರ್ಸಮ್ಮನ ಹತ್ರ ಹೋಗಿದ್ದು ಅಕ್ಕ. ನಿನಗೆ ಬಂದಿದ್ದು ನನಗೂ ಬರಲಿ ಅಂತ ಮಾತ್ರೆ ಕೇಳೋಕೆ ಹೋಗಿದ್ದೆ. ಅವರು ಕೇಳಿದ ತಕ್ಷಣ ಹೆದರಿಬಿಟ್ರು. ನಂಬಲ್ವಾ? ಇರು" ಎಂದು ಮೇಲೆ ಓಡಿಹೋಗಿ ಬೀರುವಿನ ಹಿಂದಿನ ಟಾನಿಕ್ಕಿನ ಬಾಟಲಿ ತಂದು ಅವಳ ಮುಂದಿಟ್ಟೆ. ಅರ್ಧ ಖಾಲಿಯಾಗಿತ್ತು.

ಅಕ್ಕ ಬಾಟಲಿ ನೋಡಿದಳು, ನನ್ನ ಬಿಳಿ ತಲೆ ನೋಡಿದಳು. "ನೀನೂ ಕುಡಿದ್ಯಾ?"

"ದಿನಕ್ಕೆ ನಾಲ್ಕು ಚಮಚ."

"ಏನಾಯ್ತು?"

"ಎದೆಯುರಿ."

ಅಕ್ಕ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಇದ್ದವಳು ನೋಡನೋಡುತ್ತಿದ್ದಂತೆ ಅಳತೊಡಗಿದಳು. "ಭಯ ಆಗ್ತಿದೆ ಕಣೇ. ಇದು ಮುಂಚಿನ ಹಾಗಿಲ್ಲ ಅಂತ ನಂಗೆ ಮೊದಲನೇ ದಿನವೇ ಗೊತ್ತಾಗಿತ್ತು. ಊರಿನ ಕಲೆಗೆಲ್ಲ ಹೆಸರು ಹೇಳೋಳು ನಾನು. ನನ್ನ ಬಟ್ಟೆ ಕಲೆಗೆ ನಾನೇ ಸುಳ್ಳು ಹೆಸರಿಟ್ಟೆ. ಅವರು ಅಷ್ಟು ಖುಷಿಯಾಗಿ ಹಾಡ್ತಿದ್ರು. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ."

ಭಾವ ಅಷ್ಟರಲ್ಲಿ ಬಾಗಿಲಿಗೆ ಬಂದು ನಿಂತಿದ್ದರು. ಚೀಟಿ ತೆಗೆದುಕೊಂಡು ಓದಿದರು. ಮತ್ತೊಮ್ಮೆ ಓದಿದರು. "ಹಾಡೋದು ಯಾವಾಗ ಬೇಕಾದ್ರೂ ಹಾಡಬಹುದು. ಹೊರಡಿ ಇಬ್ರೂ" ಎಂದು ವ್ಯಾನಿನಲ್ಲಿದ್ದ ಬಟ್ಟೆಗಂಟುಗಳನ್ನೆಲ್ಲ ಇಳಿಸಿ ಜಾಗ ಮಾಡಿದರು. ನನ್ನ ಕಡೆ ತಿರುಗಿ, "ತಪ್ಪಾಯ್ತಮ್ಮ" ಎಂದರು. ಅವರು ಅಷ್ಟು ಹೇಳಿದ್ದೇ ನನಗೆ ಸಾಕಾಯಿತು.

ನರ್ಸಮ್ಮ ಅವತ್ತೇ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಡಾಕ್ಟರಮ್ಮ ಪರೀಕ್ಷೆ ಮಾಡಿ ಸ್ಕ್ಯಾನ್ ಮಾಡಿಸಿದರು. ಗರ್ಭಕೋಶದ ಒಳಪದರ ದಪ್ಪವಾಗಿದೆ ಎಂದು ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಸ್ವಲ್ಪ ಹೊತ್ತು ಹಿಂಡಿದ ಹಾಗೆ ನೋವಾಯಿತಂತೆ. ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಇಸ್ತ್ರಿಪೆಟ್ಟಿಗೆ ಹಿಡಿದ ಕೈ, ನನ್ನ ಬೆರಳು ಮುರಿಯುವ ಹಾಗಿತ್ತು. ನಾನು ಬಿಡಿಸಿಕೊಳ್ಳಲಿಲ್ಲ.

ಎಂಟು ದಿನ ಕಳೆದು ವರದಿ ಬಂತು. ಅಕ್ಕನೇ ಆ ಹತ್ತನೆಯವಳು.

"ಕ್ಯಾನ್ಸರ್ ಇದೆ" ಎಂದರು ಡಾಕ್ಟರಮ್ಮ, ನಿಧಾನವಾಗಿ, ಅಕ್ಕನ ಮುಖ ನೋಡಿಯೇ ಹೇಳಿದರು. "ಆದ್ರೆ ನಾವು ನೋಡಿದಷ್ಟರಲ್ಲಿ ಇದು ಶುರುವಿನ ಹಂತ, ಗರ್ಭಕೋಶದ ಒಳಗೇ ಇದೆ. ಆಪರೇಷನ್ ಮಾಡಿ ತೆಗೆದುಬಿಡೋಣ. ಸರಿಯಾದ ಹೊತ್ತಿಗೆ ಬಂದಿದ್ದೀರಿ. ಇದನ್ನೇ ಇನ್ನೊಂದು ವರ್ಷ ಮುಟ್ಟು ಅಂತ ನಂಬಿಕೊಂಡು ಕೂತಿದ್ರೆ ನನ್ನ ಮಾತು ಬೇರೆ ಥರ ಇರ್ತಿತ್ತು. ಯಾರು ಹೇಳಿ ಕಳಿಸಿದ್ರು ನಿಮಗೆ?"

ಅಕ್ಕ ಕಣ್ಣೊರೆಸಿಕೊಂಡು ನನ್ನ ಕಡೆ ಬೆರಳು ತೋರಿಸಿದಳು. "ಇವಳ ಹೊಟ್ಟೆಕಿಚ್ಚು" ಎಂದಳು.

ಆಪರೇಷನ್ ಆಗಿ ಈಗ ಏಳು ತಿಂಗಳು. ತೆಗೆದದ್ದನ್ನು ಪರೀಕ್ಷೆ ಮಾಡಿ, ಹೊರಗೆಲ್ಲೂ ಹರಡಿಲ್ಲ ಎಂದು ಹೇಳಿದ್ದಾರೆ. ಆಗಾಗ ಹೋಗಿ ತೋರಿಸಿಕೊಂಡು ಬರಬೇಕು, ಅಷ್ಟೇ. ಅವಳು ಮಲಗಿದ್ದ ದಿನಗಳಲ್ಲಿ ಕಿಟಕಿಯ ಮೇಜು ನನಗೇ ಸಿಕ್ಕಿತ್ತು. ಗಾಳಿ ಏನೋ ಚೆನ್ನಾಗಿತ್ತು, ಆದರೆ ಬೈದುಕೊಳ್ಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲದೆ ನನಗೆ ಕೆಲಸವೇ ಸಾಗಲಿಲ್ಲ. ವಾಪಸ್ ಬಂದ ದಿನ ನಾನೇ ಮೇಜು ಒರೆಸಿ ಬಿಟ್ಟುಕೊಟ್ಟೆ.

ಹಾಗೆಂದು ನಾನು ಒಳ್ಳೆಯವಳಾಗಿಬಿಟ್ಟೆ ಎಂದುಕೊಳ್ಳಬೇಡಿ. ಗಿರಾಕಿಗಳೆಲ್ಲ ಅವಳಿಗೆ ಹಣ್ಣು ತಂದುಕೊಟ್ಟರು, ನನಗೆ ಯಾರೂ ಒಂದು ಬಾಳೆಹಣ್ಣೂ ತರಲಿಲ್ಲ. ಭಾವ ಅವಳಿಗೆ ಬಕೆಟ್ಟು ಎತ್ತಲು ಬಿಡುವುದಿಲ್ಲ. ಇಷ್ಟೆಲ್ಲ ಆದರೂ ಅವಳ ಕೂದಲು ಕಪ್ಪಗೇ ಇದೆ. ನನಗೆ ಈಗಲೂ ಉರಿಯುತ್ತದೆ. ಇನ್ನೂ ಇಪ್ಪತ್ತೆಂಟು ವರ್ಷ ಹೀಗೇ ಉರಿಯುತ್ತಿರಲಿ. ಹೊಟ್ಟೆಕಿಚ್ಚು ಪಡಬೇಕೆಂದರೂ ಎದುರಿಗೆ ಅವಳು ಇರಬೇಕಲ್ಲ!

ಓದುತ್ತಿರುವ ಅಕ್ಕಂದಿರೇ, ತಂಗಿಯರೇ, ಈಗ ನಿಮ್ಮ ಮಾತು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಅದು ಯೌವನವಲ್ಲ, ಮೈಯ ಉಷ್ಣವಲ್ಲ, ಟಾನಿಕ್ಕಿನ ಮಹಿಮೆಯೂ ಅಲ್ಲ. ಕೆಲವು ದಿನಗಳೊಳಗೆ ಹೋಗಿ ತೋರಿಸಿ. ಇನ್ನೂ ಮುಟ್ಟಾಗುವ ವಯಸ್ಸಿನವರಿಗೂ ನರ್ಸಮ್ಮ ಹೇಳಿ ಕಳಿಸಿದ್ದಾರೆ: ಎರಡು ಮುಟ್ಟಿನ ನಡುವೆ ರಕ್ತ ಹೋಗುತ್ತಿದ್ದರೆ, ಗಂಡನ ಜೊತೆ ಸೇರಿದ ಮೇಲೆ ಕಾಣಿಸಿದರೆ, ಎಂಟು ದಿನ ದಾಟಿಯೂ ನಿಲ್ಲದಿದ್ದರೆ, ಸುಮ್ಮನೆ ಇರಬೇಡಿ. ಗಂಟೆಗೊಂದು ಪ್ಯಾಡು ನೆನೆದು ತಲೆ ಸುತ್ತುತ್ತಿದ್ದರೆ ಆ ಹೊತ್ತಿಗೇ ಆಸ್ಪತ್ರೆಗೆ ಹೊರಡಿ. ಬಸುರಿಯಾಗಿದ್ದು ರಕ್ತ ಕಂಡರೆ, ಅಥವಾ ಮುಟ್ಟು ತಪ್ಪಿ ಹೊಟ್ಟೆನೋವಿನ ಜೊತೆ ರಕ್ತ ಹೋದರೆ, ಮನೆಗೆಲಸ ಹಾಗೇ ಬಿಟ್ಟು ಹೊರಡಿ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆ ಇದಕ್ಕೆ ಹೊಂದುವುದಿಲ್ಲ. ನಾಚಿಕೊಂಡು ಬಂಗಾರ ಕೂಡಿಡಬೇಡಿ.

ನಿಮ್ಮ ಬಟ್ಟೆಯ ಕಲೆಯನ್ನು ಗುಟ್ಟಾಗಿ ತಣ್ಣೀರಿನಲ್ಲಿ ನೆನೆಸಿಡುವ ಮುಂಚೆ ಒಂದು ಚೀಟಿ ತೆಗೆದುಕೊಳ್ಳಿ. ಏನು ಕಲೆ, ಯಾವಾಗಿನಿಂದ ಎಂದು ಬರೆಯಿರಿ. 'ಗೊತ್ತಿಲ್ಲ' ಎಂದು ಬರೆಯಬೇಕಾಗಿ ಬಂದರೆ, ಆ ಚೀಟಿ ಹಿಡಿದುಕೊಂಡು ಆರೋಗ್ಯ ಕೇಂದ್ರಕ್ಕೆ ಹೋಗಿ. ನಿಮ್ಮನ್ನು ಕಂಡು ಹೊಟ್ಟೆಕಿಚ್ಚು ಪಡುವವಳು ಮನೆಯಲ್ಲಿ ಒಬ್ಬಳಿದ್ದರೆ, ಅವಳನ್ನೂ ಜೊತೆಗೆ ಕರೆದುಕೊಂಡು ಹೋಗಿ. ಕೈ ಹಿಡಿಯಲು ಒಬ್ಬರು ಬೇಕಾಗುತ್ತದೆ.